ಎರಡು ನೆರಳಿನ ಊರು

ಮರವೇ ಇಲ್ಲದ ಊರು ಅದು. ಒಂದೇ ಬಂಡೆಯ ಮೇಲೆ ಕಟ್ಟಿದ್ದರಿಂದ ಬೇರು ಇಳಿಯಲು ಎಲ್ಲೂ ಜಾಗವಿರಲಿಲ್ಲ. ಹಾಗಾಗಿ ಅಲ್ಲಿನವರು ನೆರಳನ್ನು ಬೆಳೆಸಲಿಲ್ಲ, ಹೊಲಿದರು. ಮನೆ, ಅಂಗಳ, ಪೇಟೆಬೀದಿ ಎಲ್ಲದರ ಮೇಲೂ ಹರಡಿಕೊಂಡಿದ್ದದ್ದು ಒಂದೇ ಒಂದು ಬಟ್ಟೆಯ ಮೇಲ್ಕಟ್ಟು. ಮೊದಲ ಬಟ್ಟೆಯನ್ನು ಯಾರು ಕಟ್ಟಿದರೋ ಯಾರಿಗೂ ನೆನಪಿಲ್ಲ. ಅದಕ್ಕೊಂದು ತೇಪೆ, ಆ ತೇಪೆಗೊಂದು ತೇಪೆ, ಅದರ ಪಕ್ಕಕ್ಕೆ ಮತ್ತೊಂದು. ಯಾರದೋ ಮದುವೆಯ ಸೀರೆ, ಯಾರದೋ ತೊಟ್ಟಿಲ ಬಟ್ಟೆ, ಸಂತೆಯ ಗೋಣಿ, ಹರಿದ ಪಂಚೆ. ತಲೆಯೆತ್ತಿದರೆ ಊರಿನ ಅಜ್ಜ ಮುತ್ತಜ್ಜಂದಿರ ಬಟ್ಟೆಯ ಪೆಟ್ಟಿಗೆಯನ್ನೇ ಯಾರೋ ಬೋರಲು ಹಾಕಿದಂತೆ ಕಾಣುತ್ತಿತ್ತು.

ನಡುವೆ ಒಂದು ಎತ್ತರದ ಕಂಬ. ಕಂಬದ ತುದಿಯಿಂದ ನಾಲ್ಕು ದಿಕ್ಕಿಗೆ ನಾಲ್ಕು ಹಗ್ಗ. ಬುಡದಲ್ಲಿ ಒಂದು ಕಲ್ಲು. ಕಲ್ಲಿನ ಮೇಲೆ ಊರಿನ ಕಟ್ಟಳೆ:

ಈ ನೆರಳು ಯಾರದ್ದೂ ಅಲ್ಲ. ಕೂರುವವರು ಕೂರಲಿ. ನೋಡಿ ಹೊಲಿದುಕೊಳ್ಳುವವರು ಹೊಲಿದುಕೊಳ್ಳಲಿ. ತೇಪೆ ತರುವವರು ಯಾವ ಊರಿನವರಾದರೂ ತರಲಿ. ದಬ್ಬಳ ಮಾತ್ರ ಒಂದು ಕೈಯಲ್ಲಿರಲಿ.

ದಬ್ಬಳವೆಂದರೆ ಗೋಣಿಚೀಲ ಹೊಲಿಯುವ ದಪ್ಪ ಸೂಜಿ. ಆ ಕಾಲದಲ್ಲಿ ಅದು ಒಬ್ಬ ಹೆಂಗಸಿನ ಕೈಯಲ್ಲಿತ್ತು. ಊರು ಅವಳನ್ನು ದಬ್ಬಳಮ್ಮ ಎಂದೇ ಕರೆಯುತ್ತಿತ್ತು. ಅವಳ ನಿಜವಾದ ಹೆಸರು ಅವಳಿಗೇ ಮರೆಯುತ್ತ ಬಂದಿತ್ತು. ಹನ್ನೊಂದು ವರ್ಷದ ಹಿಂದೆ ಅವಳು ಕಂಬದ ಹತ್ತಿರ ಬಂದಿದ್ದು ತನ್ನ ಮನೆಯಂಗಳದ ಮೇಲಿದ್ದ ಗೇಣಗಲದ ತೂತಿಗೆ ಒಂದು ತೇಪೆ ಹಿಡಿದುಕೊಂಡು, ಅಷ್ಟೆ. ಆಗ ದಬ್ಬಳ ಹಿಡಿದಿದ್ದ ಮುದುಕ ತೇಪೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಹೊಲಿಗೆ ಚೆನ್ನಾಗಿದೆ ಕಣಮ್ಮ. ಈ ದಬ್ಬಳ ಸ್ವಲ್ಪ ಹಿಡ್ಕೊಂಡಿರು, ಕಾಲು ತೊಳ್ಕೊಂಡು ಬರ್ತೀನಿ," ಅಂದ. ಹೋದವನು ಬರಲೇ ಇಲ್ಲ. ದೂರದ ಒಂದು ಕೆರೆಯೂರಿನಲ್ಲಿ ಅವನು ಬಾತುಕೋಳಿ ಸಾಕಿಕೊಂಡು ತುಂಬ ಸುಖವಾಗಿದ್ದಾನೆ ಎಂದು ಆಮೇಲೆ ಯಾರೋ ಹೇಳಿದರು. ದಬ್ಬಳಮ್ಮ ಅಂದಿನಿಂದ ಹಿಡಿದುಕೊಂಡೇ ಇದ್ದಳು.

ಪ್ರತಿದಿನ ಬೆಳಿಗ್ಗೆ ಕಂಬದ ಬುಡದಲ್ಲಿ ಸಾಲು ನಿಲ್ಲುತ್ತಿತ್ತು. ಒಬ್ಬೊಬ್ಬರೇ ಬಂದು ತೇಪೆ ಚಾಚುತ್ತಿದ್ದರು. ದಬ್ಬಳಮ್ಮ ಅದನ್ನು ಬೆಳಕಿಗೆ ಹಿಡಿಯುತ್ತಿದ್ದಳು, ಒಂದು ಕಣ್ಣು ಮುಚ್ಚುತ್ತಿದ್ದಳು, ಮೂರರಲ್ಲಿ ಒಂದು ಮಾತು ಹೇಳುತ್ತಿದ್ದಳು. "ಇರಲಿ" ಅಂದರೆ ಹೊಲಿಯುತ್ತಾಳೆ. "ಬೇಡ" ಅಂದರೆ ಹೊಲಿಯುವುದಿಲ್ಲ. "ನೋಡೋಣ" ಅಂದರೆ ಏನು ಎಂದು ಯಾರಿಗೂ ಗೊತ್ತಿರಲಿಲ್ಲ, ಅವಳಿಗೂ. ನೋಡೋಣ ಅನ್ನಿಸಿಕೊಂಡ ತೇಪೆಗಳು ಬಿದಿರಿನ ಬುಟ್ಟಿಗೆ ಬೀಳುತ್ತಿದ್ದವು. ಬುಟ್ಟಿ ಒಂದಿದ್ದದ್ದು ಏಳಾಗಿತ್ತು. ಸಾಲಿನಲ್ಲಿ ನಿಂತು ಕಾಲು ನೊಂದವರು ಅವುಗಳ ಮೇಲೆಯೇ ಕೂರುತ್ತಿದ್ದರು.

ಬರುವವರಲ್ಲಿ ಎಲ್ಲ ನಮೂನೆಯವರೂ ಇದ್ದರು. ಜವಳಿಯವನು ತಂದ ತೇಪೆಯಲ್ಲಿ ಬಟ್ಟೆಗಿಂತ ಅವನ ಹೆಸರಿನ ಕಸೂತಿಯೇ ಹೆಚ್ಚಿತ್ತು. ಒಬ್ಬಳು ತೂತೇ ಇಲ್ಲದ ಕಡೆಗೆ ನವಿಲಿನ ಚಿತ್ರದ ತೇಪೆ ತರುತ್ತಿದ್ದಳು, ವಾರಕ್ಕೊಂದು ನವಿಲು. ಒಬ್ಬ ದಿನಾ ಬರಿಗೈಯಲ್ಲಿ ಬರುತ್ತಿದ್ದ.

"ಅಮ್ಮಾ, ಪಡುವಣ ಮೂಲೆಯಲ್ಲಿ ತೂತಿದೆ."

"ತೇಪೆ ಎಲ್ಲಪ್ಪ?"

"ತೇಪೆ ತರೋದು ನನ್ನ ಕೆಲಸ ಅಲ್ಲ. ನಾನು ತೂತು ತೋರಿಸೋನು."

ಒಮ್ಮೆ ದಾರದ ಬಣ್ಣ ಬೂದಿಯೋ ಬಿಳಿಯೋ ಎಂಬ ಮಾತಿಗೆ ಊರಿಗೆ ಊರೇ ಹತ್ತೊಂಬತ್ತು ದಿನ ಜಗಳವಾಡಿತು. ಅದೇ ಹತ್ತೊಂಬತ್ತು ದಿನದಲ್ಲಿ ಮೇಲ್ಕಟ್ಟಿನ ಬಡಗಣ ಅಂಚು ಇಡಿಯಾಗಿ ಬದಲಾಯಿತು. ಅದರ ಬಗ್ಗೆ ಯಾರೂ ಒಂದು ಮಾತನ್ನೂ ಆಡಲಿಲ್ಲ.

ಆದರೆ ಒಂದು ತೂತು ಮಾತ್ರ ಮುಚ್ಚದೆ ಉಳಿದಿತ್ತು. ಅದು ಇದ್ದದ್ದು ಕ್ಷೌರಿಕನ ಕಟ್ಟೆಯ ನೆತ್ತಿಗೆ. ಊರಿನ ಒಲೆಗಳ ಬಿಸಿಯೆಲ್ಲ ಮೇಲೆದ್ದು ಅಲ್ಲೇ ಸೇರಿ, ಹಾಕಿದ ತೇಪೆಯನ್ನೆಲ್ಲ ಸುಟ್ಟು ಹಾಕುತ್ತಿತ್ತು. ಬೇಸಿಗೆಯಲ್ಲಿ ಆ ತೂತಿನಿಂದ ಬಿಸಿಲು ನೇರ ಬಂದು ಕ್ಷೌರಕ್ಕೆ ಕೂತವನ ತಲೆಯ ಮೇಲೆ ಕೂರುತ್ತಿತ್ತು. ಬಿಸಿಲು ಸರಿದಂತೆ ಮಣೆಯನ್ನೂ ಸರಿಸಬೇಕು. ಬಲಗೆನ್ನೆ ಬಾಗಿಲ ಹತ್ತಿರ, ಎಡಗೆನ್ನೆ ಗೋಡೆಯ ಹತ್ತಿರ, ಮೀಸೆ ಪಕ್ಕದ ಬಳೆಗಾರನ ಜಗುಲಿಯ ಮೇಲೆ. ಹೀಗೆ ಒಂದು ಕ್ಷೌರ ಮುಗಿಯುವ ಹೊತ್ತಿಗೆ ಕೂತವನಿಗೆ ಪ್ರಯಾಣ ಮಾಡಿದ ಆಯಾಸವಾಗುತ್ತಿತ್ತು.

ಒಂದು ದಿನ ಹಾಗೆ ಕೂತವನು ಉಪ್ಪಿನವನು. ಕತ್ತೆಯ ಮೇಲೆ ಉಪ್ಪು ಹೇರಿಕೊಂಡು ಊರೂರು ಸುತ್ತುವವನು, ನಲವತ್ತರ ಆಸುಪಾಸು, ಮೆದುಮಾತಿನವನು. ಅವನು ಮುಖಕ್ಕೆ ನೊರೆ ಹಚ್ಚಿಸಿಕೊಂಡೇ ಮೇಲೆ ನೋಡಿದ. ನೋಡಿ ಹೋದವನು ಮುಂದಿನ ತಿಂಗಳು ಒಂದು ತೇಪೆಯೊಂದಿಗೆ ಬಂದು ಸಾಲಿನಲ್ಲಿ ನಿಂತ.

ಅಂಥ ತೇಪೆಯನ್ನು ದಬ್ಬಳಮ್ಮ ಕಂಡಿರಲಿಲ್ಲ. ಒಂದು ಕಡೆ ಮಾತ್ರ ಹೊಲಿಗೆ, ಉಳಿದ ಮೂರು ಕಡೆ ಬಿಡಿ, ತುದಿಗೊಂದು ದಾರ.

"ಉಪ್ಪಿನ ಮೂಟೆಗೆ ನಾವು ಹಿಂಗೇ ಮಾಡೋದು ಅಕ್ಕಾ," ಅಂದ ಉಪ್ಪಿನವನು. "ದಾರ ಎಳೆದರೆ ಬಾಯಿ ತೆರೀತದೆ, ಬಿಸಿ ಹೊರಗೆ ಹೋಗ್ತದೆ. ಬಿಟ್ಟರೆ ಮುಚ್ಕೊಳ್ತದೆ. ತೇಪೆ ಸುಡೋದಿಲ್ಲ."

ದಬ್ಬಳಮ್ಮ ಅದನ್ನು ಬೆಳಕಿಗೆ ಹಿಡಿದಳು. ಒಂದು ಕಣ್ಣು ಮುಚ್ಚಿದಳು. ತೇಪೆ ಒಳ್ಳೆಯದಿತ್ತು. ತುಂಬ ಒಳ್ಳೆಯದಿತ್ತು, ಅದಕ್ಕೇ ಅವಳಿಗೆ ಭಯವಾಯಿತು. ಈ ದಾರವನ್ನು ದಿನಾ ಎಳೆಯುವವರು ಯಾರು? ದಾರ ಲಡ್ಡಾಗಿ ಹರಿದರೆ? ಇವನು ಕತ್ತೆ ಹೊಡೆದುಕೊಂಡು ಹೋಗಿಬಿಡುತ್ತಾನೆ. ಆಮೇಲೆ ಊರೆಲ್ಲ ಬಂದು ನಿಲ್ಲುವುದು ತನ್ನ ಬಾಗಿಲಿಗೇ. ಇಷ್ಟೆಲ್ಲ ಅವಳ ಮನಸ್ಸಿನಲ್ಲಿ ಹಾದುಹೋಯಿತು. ಬಾಯಿಂದ ಬಂದದ್ದು ಮಾತ್ರ, "ನೋಡೋಣ."

ಒಂದು ತಿಂಗಳು ಬಿಟ್ಟು ಅವನು ಮತ್ತೆ ಬಂದ. "ಅಕ್ಕಾ, ಅದು ಎಲ್ಲಿಗೆ ಬಂತು?"

"ನಿನ್ನ ಹೊಲಿಗೆ ಎಡದಿಂದ ಬಲಕ್ಕೆ ಹೋಗಿದೆ. ನಮ್ಮದು ಬಲದಿಂದ ಎಡಕ್ಕೆ."

ಅವನು ಅಲ್ಲೇ ಕೂತು ಬಿಚ್ಚಿ, ಬಲದಿಂದ ಎಡಕ್ಕೆ ಹೊಲಿದು ಕೊಟ್ಟು ಹೋದ. ಮೂರನೆಯ ಸಲ ಬಂದಾಗ ಊರಿನ ಮೇಷ್ಟರು ಅಳತೆಗೋಲು ಹಿಡಿದು, ದಾರ ಒಂದು ಬೆರಳು ಉದ್ದವಾಯಿತು ಅಂದರು. ಕುಂಬಾರ ಒಂದು ಬೆರಳು ಗಿಡ್ಡವಾಯಿತು ಅಂದ. ಉಪ್ಪಿನವನು ಇಬ್ಬರಿಗೂ ತಲೆಯಾಡಿಸಿ, ದಾರವನ್ನು ಇದ್ದಷ್ಟೇ ಬಿಟ್ಟು ಹೋದ. ನಾಲ್ಕನೆಯ ಸಲ ಬಂದಾಗ ಅವನ ತೇಪೆ ಏಳನೆಯ ಬುಟ್ಟಿಯ ತಳದಲ್ಲಿತ್ತು. ಅದರ ಮೇಲೆ ಬೆಕ್ಕೊಂದು ಮರಿ ಹಾಕಿಕೊಂಡು ಮಲಗಿತ್ತು, ನಾಲ್ಕು ಮರಿ.

ಉಪ್ಪಿನವನು ಬುಟ್ಟಿಯೊಳಗೆ ಬಹಳ ಹೊತ್ತು ನೋಡಿದ. ಸಿಟ್ಟು ಮಾಡಿಕೊಳ್ಳಲಿಲ್ಲ. ಕಂಬದ ಬುಡಕ್ಕೆ ಹೋಗಿ ಕಲ್ಲಿನ ಮೇಲಿನ ಧೂಳು ಒರೆಸಿ ಓದಿದ.

"ಅಕ್ಕಾ, ನೋಡಿ ಹೊಲಿದುಕೊಳ್ಳುವವರು ಹೊಲಿದುಕೊಳ್ಳಲಿ ಅಂತಿದೆಯಲ್ಲ ಇಲ್ಲಿ."

"ಇದೆ."

"ಹಾಗಾದರೆ ಹೊಲ್ಕೋತೀನಿ."

"ಹೊಲ್ಕೋ," ಅಂದಳು ದಬ್ಬಳಮ್ಮ. ಬೇರೇನು ಅನ್ನಲೂ ಬರುವಂತಿರಲಿಲ್ಲ. ಕಲ್ಲಿನಲ್ಲಿ ಆ ಸಾಲು ಮೊದಲಿನಿಂದಲೂ ಇತ್ತು; ಅದನ್ನು ಯಾರಾದರೂ ನಿಜವಾಗಿ ಮಾಡಿಯಾರು ಎಂದು ಮಾತ್ರ ಯಾರೂ ಅಂದುಕೊಂಡಿರಲಿಲ್ಲ.

ಅವನು ಏಣಿ ಹತ್ತಿ ಪ್ರತಿ ಹೊಲಿಗೆ, ಪ್ರತಿ ಗಂಟು ನೋಡಿಕೊಂಡ. ಮೂಡಣ ದಿಕ್ಕಿನ ಬರಿಬಂಡೆಯ ಮೇಲೆ, ಹಳೆಯದಕ್ಕೆ ಒಂದು ಮಾರು ದೂರದಲ್ಲಿ, ಹಾಗೇ ಒಂದು ಮೇಲ್ಕಟ್ಟು ಎಬ್ಬಿಸಿದ. ಅದೇ ಕಂಬ, ಅದೇ ನಾಲ್ಕು ಹಗ್ಗ, ಅದೇ ಗಂಟು. ನೆತ್ತಿಯಲ್ಲಿ ಮಾತ್ರ ಬಾಯಿ ತೆರೆಯುವ ತೇಪೆ. ಮೊದಲು ಎದ್ದು ಹೋದವನು ಕ್ಷೌರಿಕ. ಮಣೆ ತಲೆಯ ಮೇಲೆ, ಕತ್ತಿ ಕಂಕುಳಲ್ಲಿ. ಅರ್ಧ ಕ್ಷೌರವಾಗಿದ್ದ ಗಿರಾಕಿ ಹಿಂದೆ ಹಿಂದೆ ಓಡಿದ. ಆಮೇಲೆ ಒಂದೊಂದೇ ಮನೆ. ಕೆಲವರು ಕತ್ತಿ ಹೋದ ಕಡೆ ಗಡ್ಡ ಎಂದು ಹೋದರು, ಕೆಲವರು ಎದುರುಮನೆಯವರು ಹೋಗಲಿಲ್ಲವಲ್ಲ ಎಂದೇ ಹೋದರು. ನವಿಲಿನವಳು ಎರಡೂ ಕಡೆ ಒಂದೊಂದು ನವಿಲು ತೆಗೆದುಕೊಂಡು ಹೋದಳು. ಒಂದು ಮನೆಯಲ್ಲಿ ಗಂಡ ಹಳೇ ನೆರಳು ಅಂದ, ಹೆಂಡತಿ ಹೊಸ ನೆರಳು ಅಂದಳು. ಊಟದ ಹೊತ್ತಿಗೆ ಅವಳು ಅಂಚಿಗೆ ಬಂದು ಮುದ್ದೆ ಚಾಚುತ್ತಿದ್ದಳು, ಅವನು ಈ ಅಂಚಿನಿಂದ ಕೈ ನೀಡುತ್ತಿದ್ದ. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಅವರು ಇಷ್ಟು ಮರ್ಯಾದೆಯಿಂದ ಮಾತಾಡಿದ್ದು ಅದೇ ಮೊದಲು.

ಎರಡು ಮೇಲ್ಕಟ್ಟುಗಳ ನಡುವೆ ಬಿಸಿಲಿನ ಒಂದು ಪಟ್ಟಿ ಉಳಿಯಿತು. ಅಲ್ಲಿಯವರೆಗೆ ಊರ ಹೆಂಗಸರು ಹಪ್ಪಳ ಒಣಗಿಸಲು ಮೈಲಿ ದೂರ ಹೊತ್ತುಕೊಂಡು ಹೋಗಿ ಕಾಗೆ ಓಡಿಸುತ್ತ ಕೂರಬೇಕಿತ್ತು. ಮೂರನೆಯ ದಿನವೇ ಆ ಪಟ್ಟಿಯ ಉದ್ದಕ್ಕೂ ಹಪ್ಪಳ ಬಿದ್ದಿದ್ದವು.

ದಬ್ಬಳಮ್ಮನ ಮುಂದಿನ ಸಾಲು ಕರಗಿತು. ಮೊದಲ ವಾರ ಅವಳಿಗೆ ಮೈ ಹಗುರವಾಯಿತು. ಎರಡನೆಯ ವಾರ ಎದೆಯಲ್ಲಿ ಏನೋ ಚುಚ್ಚತೊಡಗಿತು. ತನ್ನ ತಲೆ ತಿಂದವರೇ ಆದರೂ ಎದ್ದು ಹೋಗುವಾಗ ಒಂದು ಮಾತು ಹೇಳಬಾರದಿತ್ತೆ? ತೂತು ತೋರಿಸುವವನು ಕೂಡ ಆ ಕಡೆ ಹೋಗಿದ್ದ. ಅಲ್ಲಿ ತೂತು ಹೊಸವಂತೆ. ಮೂರನೆಯ ವಾರ, ಕೈಗೆ ಕೆಲಸವಿಲ್ಲದೆ, ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಪುರಸೊತ್ತಾಗದ ಕೆಲಸವೊಂದನ್ನು ಅವಳು ಮಾಡಿದಳು. ಏಣಿ ಹಾಕಿ ಕಂಬದ ತುದಿಯವರೆಗೆ ಹತ್ತಿದಳು.

ನಾಲ್ಕು ದಿಕ್ಕಿನ ನಾಲ್ಕು ಹಗ್ಗವನ್ನೂ ಮೊದಲು ಮೇಲ್ಕಟ್ಟು ಎಬ್ಬಿಸಿದವರು ಒಂದೇ ಗಂಟಿಗೆ ಕಟ್ಟಿದ್ದರು. ಮೇಲಿಂದ ಗಂಟು ಗುಂಡುಕಲ್ಲಿನಂತೆ ಗಟ್ಟಿ. ಅವಳು ದಬ್ಬಳದ ಮೊನೆಯಿಂದ ಅದನ್ನು ಸ್ವಲ್ಪ ಸಡಿಲಿಸಿದಳು. ಒಳಗೆ ಹಗ್ಗ ಹಗ್ಗವನ್ನೇ ತಿಂದು ಬೆರಳಗಲ ಮಾತ್ರ ಉಳಿದಿತ್ತು. ಒಂದು ಹರಿದರೆ ನಾಲ್ಕೂ ಹೋಗುತ್ತವೆ, ನಾಲ್ಕು ಹೋದರೆ ಕಂಬ ಜನರ ಮೇಲೆ ಬರುತ್ತದೆ. ಆಷಾಢದ ಗಾಳಿಗೆ ಇನ್ನು ನಾಲ್ಕೇ ದಿನ.

ಏಣಿಯ ಮೇಲಿಂದಲೇ ಅವಳು ಮೂಡಣಕ್ಕೆ ನೋಡಿದಳು. ಅದೇ ಕಂಬ, ಅದೇ ನಾಲ್ಕು ಹಗ್ಗ, ಅದೇ ಗಂಟು. ಅಲ್ಲಿ ಹಗ್ಗ ಹೊಸದು, ನಿಜ. ಆದರೆ ಬಟ್ಟೆ ಎರಡರಷ್ಟು ಭಾರ, ಬಂಡೆಯ ಅಂಚಿನಲ್ಲಿ ಗಾಳಿ ಮೂರರಷ್ಟು.

ಇಳಿದು ಬಂದು ಕುಂಬಾರನಿಗೂ ಮೇಷ್ಟರಿಗೂ ಹೇಳಿದಳು. ಕುಂಬಾರನ ಮುಖ ಅರಳಿತು.

"ನಮ್ಮದನ್ನ ಸರಿ ಮಾಡ್ಕೊಳ್ಳೋಣ ದಬ್ಬಳಮ್ಮ. ಅವರದು ಬೀಳಲಿ ಬಿಡು. ಬಿದ್ದಮೇಲೆ ಎಲ್ಲಿಗೆ ಬರ್ತಾರೆ? ಇಲ್ಲಿಗೇ."

"ಅವರಾಗೇ ಹೋದವರು," ಅಂದರು ಮೇಷ್ಟರು. "ನಾವೇನು ಕಳಿಸಿರಲಿಲ್ಲ."

ಆ ಮಾತು ತನಗೂ ಒಂದು ಕ್ಷಣ ಸಿಹಿಯಾಗಿತ್ತು ಎಂದು ದಬ್ಬಳಮ್ಮನಿಗೆ ನಾಚಿಕೆಯಾಯಿತು. ಆ ಇಡೀ ಮಧ್ಯಾಹ್ನ ಕೂತು, ನಾಲ್ಕು ಹಗ್ಗಕ್ಕೂ ಬೇರೆ ಬೇರೆ ಕುಣಿಕೆ ಬರುವಂತೆ ಎಮ್ಮೆಯ ಚರ್ಮದಲ್ಲಿ ಒಂದು ಪಟ್ಟಿ ಹೊಲಿದಳು. ಅದು ಸರಿಹೋಯಿತು ಅನ್ನಿಸಿದಾಗ ಅಂಥದ್ದೇ ಇನ್ನೊಂದು ಹೊಲಿದಳು. ಮರುದಿನ ಬೆಳಿಗ್ಗೆ ಎರಡನೆಯದನ್ನು ಸೆರಗಿನಲ್ಲಿ ಸುತ್ತಿಕೊಂಡು, ಹಪ್ಪಳ ತುಳಿಯದಂತೆ ಬಿಸಿಲಿನ ಪಟ್ಟಿ ದಾಟಿ, ಹೊಸ ನೆರಳಿನ ಸಾಲಿಗೆ ಹೋಗಿ ನಿಂತಳು. ಅವಳ ಮುಂದೆ ಹದಿನಾಲ್ಕು ಜನ.

ಸಾಲು ಸರಿದಂತೆ ಉಪ್ಪಿನವನು ಕಂಡ. ಗಡ್ಡ ಬೆಳೆದಿತ್ತು, ಕ್ಷೌರಿಕ ಹತ್ತು ಹೆಜ್ಜೆ ದೂರದಲ್ಲೇ ಇದ್ದರೂ. ಕಣ್ಣು ಕೆಂಪಗೆ. ಕತ್ತೆ ಒಂದು ಮೂಲೆಯಲ್ಲಿ ಕೆಲಸವಿಲ್ಲದೆ ದಪ್ಪಗಾಗಿತ್ತು. ಅವನ ಪಕ್ಕದಲ್ಲಿ ಆಗಲೇ ಮೂರು ಬುಟ್ಟಿ. ದಬ್ಬಳಮ್ಮ ತನ್ನ ಸರದಿ ಬಂದಾಗ ಚರ್ಮದ ಪಟ್ಟಿ ಚಾಚಿದಳು. ಅವನು ತಲೆಯೆತ್ತದೆ ಇಸಿದುಕೊಂಡ, ಬೆಳಕಿಗೆ ಹಿಡಿದ, ಒಂದು ಕಣ್ಣು ಮುಚ್ಚಿದ.

"ನೋಡೋಣ," ಅಂದ.

"ನೋಡೋಣ ಅನ್ನಬೇಡ ತಮ್ಮಾ," ಅಂದಳು ದಬ್ಬಳಮ್ಮ. "ಏಣಿ ಹಾಕು."

ಆಗ ಅವನು ತಲೆಯೆತ್ತಿದ. ಕ್ಷೌರಿಕ ಕತ್ತಿಯನ್ನು ಗಿರಾಕಿಯ ಗಲ್ಲದ ಮೇಲೇ ನಿಲ್ಲಿಸಿದ.

ಇಬ್ಬರೂ ಹತ್ತಿದರು. ಅವಳು ದಬ್ಬಳದ ಮೊನೆ ಹಾಕಿ ಗಂಟು ಸಡಿಲಿಸಿ ತೋರಿಸಿದಳು. ಕೆಲವೇ ವಾರಗಳಲ್ಲಿ ಹೊಸ ಹಗ್ಗ ಆಗಲೇ ಜುಂಗು ಜುಂಗಾಗಿತ್ತು. ಉಪ್ಪಿನವನು ಕೆಳಗೆ ನೋಡಿದ. ಕೆಳಗೆ ಮಕ್ಕಳು ಕಂಬಕ್ಕೆ ಸುತ್ತು ಹಾಕಿ ಆಡುತ್ತಿದ್ದವು.

"ನಿಮ್ಮದನ್ನ ನೋಡಿಯೇ ಕಟ್ಟಿದೆ," ಅಂದ. "ಗಂಟಿನ ಒಳಗೆ ನೋಡಲಿಲ್ಲ."

"ನಾನು ಹನ್ನೊಂದು ವರ್ಷದಿಂದ ನೋಡಿರಲಿಲ್ಲ."

ಗಂಟನ್ನು ಮತ್ತೆ ಬಿಗಿಯುತ್ತ ಅವನು ಕೇಳಿದ, "ನೀವು ಯಾಕೆ ಹೇಳೋಕೆ ಬಂದ್ರಿ ಅಕ್ಕಾ? ಬಿದ್ದಿದ್ದರೆ ಎಲ್ಲ ನಿಮ್ಮ ಕಡೆಗೇ ಬರ್ತಿದ್ದರು."

"ಇಲ್ಲಿ ಕೂತಿರೋರೆಲ್ಲ ಮೊನ್ನೆಯವರೆಗೂ ನನ್ನ ತಲೆ ತಿಂದೋರು. ಅವರ ತಲೆಯಾದರೂ ಉಳೀಲಿ ಅಂತ ಬಂದೆ." ಅವಳು ಏಣಿಯ ಮೆಟ್ಟಿಲನ್ನೇ ನೋಡುತ್ತ ಮುಂದುವರಿಸಿದಳು, "ನಿನ್ನ ತೇಪೆ ಚೆನ್ನಾಗಿತ್ತು. ಆ ದಾರ ದಿನಾ ಯಾರು ಎಳೀತಾರೆ ಅಂತ ನನಗೆ ಭಯ ಆಯಿತು. ಕೇಳಬೇಕಿತ್ತು. ಹೊಲಿಗೆ ಎಡ ಬಲ ಅಂದುಬಿಟ್ಟೆ."

"ಕೇಳಿದ್ದರೆ ಹೇಳ್ತಿದ್ದೆ. ಕ್ಷೌರಿಕ ಎಳೀತಾನೆ. ಅವನ ನೆತ್ತಿ ಮೇಲೇ ತಾನೆ ಇರೋದು."

ಕೆಳಗಿನಿಂದ ಕ್ಷೌರಿಕ ಕೂಗಿದ, "ನಾನು ಆವತ್ತೇ ಒಪ್ಕೊಂಡಿದ್ದೆ. ನನ್ನನ್ನ ಯಾರೂ ಕೇಳಲಿಲ್ಲ."

ದಬ್ಬಳಮ್ಮನಿಗೆ ನಗು ಬಂತು. ಏಣಿ ಅಲುಗಾಡುವಷ್ಟು ನಕ್ಕಳು. ಉಪ್ಪಿನವನು ಒಂದು ಕೈಯಲ್ಲಿ ಕಂಬ, ಇನ್ನೊಂದು ಕೈಯಲ್ಲಿ ಅವಳ ತೋಳು ಹಿಡಿದುಕೊಂಡು ತಾನೂ ನಕ್ಕ.

ಮೂರು ದಿನ ಉಳಿದಿತ್ತು, ಎರಡು ಗಂಟು ಬಿಚ್ಚಿ ಚರ್ಮದ ಪಟ್ಟಿ ಹಾಕಬೇಕಿತ್ತು, ಗಂಟು ಬಿಚ್ಚಿದಾಗ ಅಂಚುಗಳನ್ನೆಲ್ಲ ಹೊಸದಾಗಿ ಬಿಗಿಯಬೇಕಿತ್ತು. ಒಂದು ದಬ್ಬಳದ ಕೆಲಸವಲ್ಲ ಅದು. ದಬ್ಬಳಮ್ಮ ಕಮ್ಮಾರನಿಗೆ ಹೇಳಿ ಇಪ್ಪತ್ತು ದಬ್ಬಳ ಬಡಿಸಿದಳು, ಕೈ ಚಾಚಿದವರಿಗೆಲ್ಲ ಕೊಟ್ಟಳು. ಮೇಷ್ಟರು ಕಲ್ಲಿನ ಮೇಲೆ ಬೆರಳಿಟ್ಟು ನಿಂತರು.

"ದಬ್ಬಳ ಒಂದು ಕೈಯಲ್ಲಿರಲಿ ಅಂತಿದೆ."

"ಒಂದೊಂದು ದಬ್ಬಳ ಒಂದೊಂದು ಕೈಯಲ್ಲೇ ಇದೆಯಲ್ಲ ಮೇಷ್ಟ್ರೇ," ಅಂದಳು ದಬ್ಬಳಮ್ಮ. "ಎರಡು ಕೈಯಲ್ಲಿ ಹಿಡಿದೋರು ಯಾರಿದ್ದಾರೆ ತೋರಿಸಿ."

ಮೇಷ್ಟರು ಆ ಸಾಲನ್ನು ಇನ್ನೊಮ್ಮೆ ಓದಿದರು, ಮತ್ತೊಮ್ಮೆ ಓದಿದರು, ಆಮೇಲೆ ತಮಗೂ ಒಂದು ಕೊಡಿ ಅಂದರು.

ಅವಳು ಎಲ್ಲರ ನಡುವೆ ಓಡಾಡುತ್ತ ಹೇಳಿಕೊಟ್ಟಳು. ತಪ್ಪಿದವರಿಗೆ ಯಾಕೆ ತಪ್ಪು ಎಂದು ಬಾಯಿಬಿಟ್ಟು ಹೇಳಿದಳು. ನವಿಲಿನವಳ ಹೊಲಿಗೆ ಊರಿಗೆಲ್ಲ ಬಿಗಿ ಎಂದು ಆವತ್ತು ಗೊತ್ತಾಯಿತು. ತೂತು ತೋರಿಸುವವನು ಎಲ್ಲರಿಗಿಂತ ಮೊದಲು ಸಡಿಲವಾದ ಜಾಗಗಳನ್ನು ಹುಡುಕಿ ಕೊಟ್ಟ. ಆ ಕಣ್ಣಿಗೂ ಒಂದು ಬೆಲೆಯಿದೆ ಎಂದು ಅವಳು ಅವನ ಮುಖಕ್ಕೇ ಹೇಳಿದಳು, ಅವನು ಏನು ಮಾಡಬೇಕೆಂದು ತೋಚದೆ ಒಂದು ತೇಪೆ ಹೊಲಿದ.

ನಾಲ್ಕನೆಯ ದಿನ ಗಾಳಿ ಬಂತು. ಎರಡು ಮೇಲ್ಕಟ್ಟುಗಳೂ ಉಬ್ಬಿದವು, ಕಂಬಗಳು ನರಳಿದವು, ಊರು ಹಗ್ಗ ಹಿಡಿದುಕೊಂಡು ಕೂತಿತು. ಹೊಸ ನೆರಳಿನ ಒಂದು ಹಗ್ಗ ಫಟ್ಟೆಂದು ಹರಿಯಿತು. ಉಳಿದ ಮೂರು ನಿಂತವು. ಹಳೇ ನೆರಳಿನಿಂದ ಒಂದೇ ಒಂದು ತೇಪೆ ಕಿತ್ತು ಹಾರಿತು, ಜವಳಿಯವನ ಕಸೂತಿಯದು. ಅದು ಏಳು ಊರಿನಾಚೆ ಯಾರದೋ ಬೇಲಿಗೆ ಸಿಕ್ಕಿಕೊಂಡಿತಂತೆ. ಅಲ್ಲಿಯ ಜನ ತನ್ನ ಹೆಸರು ಓದಿದರು ಎಂದು ಕೇಳಿ ಜವಳಿಯವನು ಊರಿಗೆಲ್ಲ ಬೆಲ್ಲ ಹಂಚಿದ.

ಗಾಳಿ ನಿಂತ ಮೇಲೆ ಕುಂಬಾರ ಮೂವತ್ತು ಮೊಳದ ಒಂದು ತೇಪೆ ಹೊತ್ತುಕೊಂಡು ಬಂದ. ಎರಡು ನೆರಳನ್ನೂ ಕೂಡಿಸಿ ಒಂದು ಮಾಡುವ ತೇಪೆ. ಅವನ ಕಣ್ಣಲ್ಲಿ ನೀರಿತ್ತು. ಹಪ್ಪಳದ ಹೆಂಗಸರು ಹಿಟ್ಟಿನ ಕೈಯಲ್ಲೇ ಎದ್ದು ನಿಂತರು. ದಬ್ಬಳಮ್ಮ ಉಪ್ಪಿನವನ ಮುಖ ನೋಡಿದಳು, ಉಪ್ಪಿನವನು ದಬ್ಬಳಮ್ಮನ ಮುಖ ನೋಡಿದ. ಅವಳು ಕುಂಬಾರನನ್ನು ಕೂರಿಸಿ, ಮಜ್ಜಿಗೆ ಕೊಟ್ಟು, ಯಾಕೆ ಬೇಡ ಎಂದು ಒಂದೊಂದಾಗಿ ಹೇಳಿದಳು. ಬಿಸಿ ಹೊರಹೋಗಬೇಕು. ಒಂದು ಬಿದ್ದ ದಿನ ಓಡಿಹೋಗಲು ಇನ್ನೊಂದಿರಬೇಕು. ಹಪ್ಪಳ ಒಣಗಬೇಕು. ಆ ಗಂಡ ಹೆಂಡತಿ ಮರ್ಯಾದೆಯಿಂದ ಮಾತಾಡುತ್ತಿರಬೇಕು. ಕುಂಬಾರ ಮಜ್ಜಿಗೆ ಕುಡಿದು ಮುಗಿಸಿ, ಕೊನೆಯದು ಒಪ್ಪುವ ಮಾತು ಅಂದ.

ಈಗ ದಬ್ಬಳಗಳು ಇಪ್ಪತ್ತು ಕೈಯಲ್ಲಿದ್ದರೂ ಜನ ಮೊದಲು ಕೇಳುವುದು ದಬ್ಬಳಮ್ಮನನ್ನೇ. ಕೂತರೆ ಬರುತ್ತಾರೆ, ಉಂಡರೆ ಬರುತ್ತಾರೆ, ಕಣ್ಣು ಮುಚ್ಚಿದರೆ ತೇಪೆಯಿಂದ ಗಾಳಿ ಬೀಸಿ ಎಬ್ಬಿಸುತ್ತಾರೆ. ಹಾಗಾಗಿ ಅವಳು ಊಟವಾದ ಮೇಲೆ ಚಾಪೆ ಸುತ್ತಿಕೊಂಡು ಮೂಡಣಕ್ಕೆ ಹೊರಡುತ್ತಾಳೆ. ಅದೇ ಹೊತ್ತಿಗೆ ಉಪ್ಪಿನವನು ಚಾಪೆ ಸುತ್ತಿಕೊಂಡು ಪಡುವಣಕ್ಕೆ ಬರುತ್ತಾನೆ. ಬಿಸಿಲಿನ ಪಟ್ಟಿಯಲ್ಲಿ ಇಬ್ಬರೂ ಎದುರಾಗುತ್ತಾರೆ.

"ಊಟ ಆಯ್ತಾ ಅಕ್ಕಾ?"

"ಆಯ್ತು ತಮ್ಮಾ."

ಬಟ್ಟೆಯ ಮಾತು ಆಡುವುದಿಲ್ಲ. ಅವಳು ಅವನ ನೆರಳಿನಲ್ಲಿ, ಅವನು ಅವಳ ನೆರಳಿನಲ್ಲಿ ಕಾಲು ಚಾಚಿ ಮಲಗುತ್ತಾರೆ. ಹೊಸ ನೆರಳಿನ ನೆತ್ತಿಯಲ್ಲಿ ಕ್ಷೌರಿಕ ದಾರ ಎಳೆಯುತ್ತಾನೆ, ತಣ್ಣನೆಯ ಗಾಳಿ ಇಳಿಯುತ್ತದೆ. ದಬ್ಬಳಮ್ಮನಿಗೆ ತಲೆಯ ಮೇಲೆ ಒಂದು ಚಿಕ್ಕ ತೂತು ಕಾಣುತ್ತದೆ. ಅವಳು ಅದನ್ನು ಸ್ವಲ್ಪ ಹೊತ್ತು ನೋಡುತ್ತಾಳೆ. ಆಮೇಲೆ, ಇದು ತನ್ನದಲ್ಲವಲ್ಲ ಎಂದು ಮಗ್ಗುಲು ಬದಲಿಸಿ ನಿದ್ದೆ ಹೋಗುತ್ತಾಳೆ.